ಮೂರು ಸಿಲಿಂಡರಿನ ಯಂತ್ರವೂ ನಮ್ಮ ತಾಯಿಯವರೂ

ನಮ್ಮ ಮನೆಯ ಅಂಗಳದ ಚಪ್ಪರದಡಿಯಲ್ಲಿ 1997ನೇ ಇಸವಿಯ ಮಾರುತಿ 800 ಕಾರೊಂದು ನಿಂತಿದೆ. 2006ರಲ್ಲಿ ನಾವು ಅದನ್ನು ಒಬ್ಬರು ಬಳಸಿ ಬಿಟ್ಟ ಮೇಲೆ ಕೊಂಡೆವು. ಬದಿಯಡ್ಕದ ಸಮೀಪದ ನಮ್ಮ ಹಳ್ಳಿಯಿಂದ ಸೀತಾಂಗೋಳಿ, ಕುಂಬಳೆ, ಉಪ್ಪಳ, ತಲಪಾಡಿಗಳನ್ನು ದಾಟಿ ಮಂಗಳೂರಿಗೆ ಹೋಗಿಬರುವ ಕಷ್ಟವನ್ನು ಗಡಿನಾಡಿನ ವಾಚಕರಿಗೆ ವಿವರಿಸಬೇಕಾಗಿಲ್ಲ. ಆಸ್ಪತ್ರೆಗೂ ಮದುವೆಯ ಜವಳಿಗೂ ಮಕ್ಕಳ ಕಾಲೇಜಿಗೂ ನಮಗೆ ಆ ಊರೇ ಗತಿ. ಆ ದಾರಿಗೆ ತಕ್ಕ ವಾಹನ ಯಾವುದೆಂದು ವಿಚಾರಿಸಿದಾಗ ಕೇಳಿದವರೆಲ್ಲ ಒಂದೇ ಹೆಸರು ಹೇಳಿದರು. ಮಾರುತಿಯ ಎಂಜಿನು ಕೈಕೊಡುವುದಿಲ್ಲ ಎಂಬುದು ಆಗ ನಮ್ಮಲ್ಲಿ ಗಾದೆಯಷ್ಟೇ ಬಲವಾದ ಮಾತಾಗಿತ್ತು. ಆ ಮಾತನ್ನು ನಂಬಿ ನಾವು ಒಮ್ಮೆ ಹೇಗೆ ಕೆಟ್ಟೆವೆಂಬುದನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ನಿವೇದಿಸಿಕೊಳ್ಳುತ್ತೇವೆ.

ಯಂತ್ರದ ಪರಿಚಯವನ್ನು ಮೊದಲು ಮಾಡಿಕೊಡಬೇಕು. 1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲನೆಯ ಕಾರಿನ ಕೀಲಿಕೈಯನ್ನು ಅದರ ಒಡೆಯರ ಕೈಗಿತ್ತರು. ಅದರೊಳಗಿದ್ದುದು ಜಪಾನಿನ ಸುಝುಕಿ ಸಂಸ್ಥೆ ರೂಪಿಸಿದ ‘ಎಫ್8ಬಿ’ ಎಂಬ ಪೆಟ್ರೋಲ್ ಎಂಜಿನು. ಅಂಬಾಸಿಡರಿನಲ್ಲೂ ಪ್ರೀಮಿಯರ್ ಪದ್ಮಿನಿಯಲ್ಲೂ ನಾಲ್ಕು ಸಿಲಿಂಡರುಗಳನ್ನು ಕಂಡು ರೂಢಿಯಾಗಿದ್ದವರಿಗೆ ಇದರಲ್ಲಿ ಮೂರೇ ಇದ್ದುದು ಒಂದು ಸೋಜಿಗ. ಸಿಲಿಂಡರಿನ ವ್ಯಾಸ 68.5 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ 72 ಮಿಲಿಮೀಟರ್. ಗುಣಿಸಿ ನೋಡಿದರೆ ಮೂರಕ್ಕೂ ಸೇರಿ 796 ಘನ ಸೆಂಟಿಮೀಟರ್; ಎಂದರೆ ಒಂದೊಂದು ಸಿಲಿಂಡರು ದೊಡ್ಡದೊಂದು ಲೋಟದಷ್ಟೇ. ಶಕ್ತಿಯಾದರೋ, ಮಾದರಿಗನುಸಾರವಾಗಿ 37ರಿಂದ 39 ಅಶ್ವಶಕ್ತಿಯ ಆಸುಪಾಸು. ಯಂತ್ರ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಮೂರು ಸಿಲಿಂಡರುಗಳಲ್ಲಿ ಒಟ್ಟು 4,500 ಸಲ ಬೆಂಕಿ ಹೊತ್ತಿಕೊಳ್ಳುತ್ತದೆ. ಈ ಲೆಕ್ಕವನ್ನು ನಾವು ಏಳನೆಯ ತರಗತಿಯ ಮಕ್ಕಳಿಂದಲೇ ಮಾಡಿಸಿದ್ದುಂಟು.

ನಿಂತಲ್ಲಿ ಈ ಎಂಜಿನು ತುಸು ನಡುಗುತ್ತದೆ. ಅದು ರೋಗವಲ್ಲ, ಹುಟ್ಟುಗುಣ. ಮೂರು ಪಿಸ್ಟನ್ನುಗಳ ಬಲ ಒಟ್ಟಿನಲ್ಲಿ ಸರಿದೂಗಿದರೂ ಸಾಲಿನ ಎರಡು ತುದಿಗಳು ಏತದ ಮರದಂತೆ ಮೇಲೆ ಕೆಳಗೆ ತೂಗಲೆಳಸುತ್ತವೆ. ವೇಗ ಹಿಡಿದೊಡನೆ ಆ ನಡುಕ ನಮ್ಮ ಅರಿವಿಗೆ ಬಾರದು. ಇನ್ನು ಅದರ ಕೀರ್ತಿಗೆ ಕಾರಣ, ನಮಗೆ ತೋರುವಂತೆ, ಅದರ ಸರಳತೆ. ಕವಾಟಗಳು ಸಿಲಿಂಡರಿಗೆ ಎರಡರಂತೆ ಆರು. ಅವನ್ನು ತೆರೆದು ಮುಚ್ಚಲು ಮೇಲೊಂದು ಕ್ಯಾಮ್ ದಂಡ. ಅದನ್ನು ತಿರುಗಿಸಲು ಹಲ್ಲುಗಳುಳ್ಳ ರಬ್ಬರಿನ ಪಟ್ಟಿ. ನಮ್ಮ ಕಾರಿನ ಕಾಲಕ್ಕೆ ಇಂಧನ ಉಣಿಸಲು ಕಾರ್ಬ್ಯುರೇಟರ್. ಕಾರಿನ ತೂಕವೇ ಸುಮಾರು 650 ಕಿಲೋ ಆದುದರಿಂದ ಯಂತ್ರಕ್ಕೆ ಎಳೆಯುವ ಭಾರವೂ ಮಿತವಾದುದು. ಓಮ್ನಿ ವ್ಯಾನಿನಲ್ಲಿಯೂ ಇದೇ ಎಂಜಿನು ಇದ್ದುದರಿಂದ ಬಿಡಿಭಾಗಗಳಿಗಾಗಿ ನಾವು ಕುಂಬಳೆ ಪೇಟೆಯನ್ನು ದಾಟಿ ಹೋದುದಿಲ್ಲ.

ಇಷ್ಟೆಲ್ಲ ಬಲ್ಲ ನಮಗೆ ಅದರ ಮರ್ಮಸ್ಥಾನ ಯಾವುದೆಂಬುದು ಹೊಳೆಯಲಿಲ್ಲ. ಎಂಜಿನಿನ ಒಡಲು ಎರಕದ ಕಬ್ಬಿಣದ್ದು, ತಲೆ ಅಲ್ಯೂಮಿನಿಯಮಿನದು. ಕಾದಾಗ ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಇವೆರಡರ ನಡುವೆ ಗ್ಯಾಸ್ಕೆಟ್ ಎಂಬ ತೆಳುವಾದ ಹಾಳೆ. ಸುತ್ತ ಹರಿಯುವ ನೀರು ಬಿಸಿಯನ್ನು ಒಯ್ಯುತ್ತಿರುವ ತನಕ ಮೂವರೂ ಅನ್ಯೋನ್ಯವಾಗಿರುತ್ತಾರೆ. ಆ ನೀರನ್ನು ತಣಿಸುವ ರೇಡಿಯೇಟರಿಗೆ ಓಟದಲ್ಲಿ ಎದುರುಗಾಳಿಯೇ ಸಾಕು. ನಿಂತಾಗ ಮಾತ್ರ ವಿದ್ಯುತ್ ಫ್ಯಾನು ತಿರುಗಬೇಕು. ನೀರು ಇಂತಿಷ್ಟು ಕಾದಾಗ ಫ್ಯಾನನ್ನು ತಾನಾಗಿ ಚಾಲೂ ಮಾಡುವ ಸಣ್ಣದೊಂದು ಸ್ವಿಚ್ಚು ಉಂಟು.

2012ರ ಏಪ್ರಿಲ್ ತಿಂಗಳು. ತಾಯಿಯವರ ಬಲಗಣ್ಣಿನ ಪೊರೆ ತೆಗೆಯಿಸಲು ಮಂಗಳೂರಿನಲ್ಲಿ ದಿನ ಗೊತ್ತಾಗಿತ್ತು. ಅದರ ಹಿಂದಿನ ವಾರ ಬದಿಯಡ್ಕ ಪೇಟೆಯಲ್ಲಿ ಎರಡು ಸಲ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಸರಿದುದನ್ನು ನಾವು ಕಂಡಿದ್ದೆವು. ಕಂಡು, ಮುಳ್ಳೇ ಕೆಟ್ಟಿರಬೇಕೆಂದು ತೀರ್ಮಾನಿಸಿದೆವು. ಎಂಜಿನಿನ ಕೀರ್ತಿಯ ಎದುರು ಪಾಪ, ಆ ಮುಳ್ಳಿನ ಸಾಕ್ಷ್ಯಕ್ಕೆ ಬೆಲೆಯೆಲ್ಲಿ?

ಕುಂಬಳೆಯವರೆಗೆ ಗಾಳಿಯ ಬಲದಿಂದ ಓಡಿದ ಕಾರು ಉಪ್ಪಳ ಪೇಟೆಯ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದಿತು. ಮುಳ್ಳು ಕೊನೆಯ ಗೆರೆಯನ್ನು ಮುಟ್ಟಿತು. ಹಾಗಿದ್ದೂ ನಾವು ಯಂತ್ರವನ್ನು ನಿಲ್ಲಿಸದೆ, ಇನ್ನೇನು ಸಾಲು ಕದಲಿತು ಎಂದು ಕಾದು ಕುಳಿತೆವು. ಮುಂದಿನ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಾಗಲೇ ಇಳಿದದ್ದು. ಕೈಯಲ್ಲಿ ನೀರಿನ ಬಾಟಲಿ ಹಿಡಿದು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕುವಷ್ಟರಲ್ಲಿ ರಿಕ್ಷಾ ಚಾಲಕರೊಬ್ಬರು ಓಡಿಬಂದು, “ತೆಗೀಬೇಡಿ ಮಾಷ್ಟ್ರೇ, ಮುಖ ಬೆಂದು ಹೋದೀತು!” ಎಂದು ನಮ್ಮ ತೋಳನ್ನು ಹಿಡಿದೆಳೆದರು. ಅವರ ಉಪಕಾರವನ್ನು ನಾವು ಮರೆಯಲಾರೆವು.

ತಾಯಿಯವರು ಅಂಗಡಿಯೊಂದರ ಜಗಲಿಯಲ್ಲಿ, ಹೊಸ ಸೀರೆಯುಟ್ಟು, ಔಷಧದ ಚೀಟಿಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಎರಡು ತಾಸು ಕುಳಿತರು. ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅಂದಿನ ಸರದಿ ತಪ್ಪಿತು. ಮುಂದಿನ ದಿನ ದೊರೆತದ್ದು ಮೂರು ವಾರಗಳ ಅನಂತರ. ಆ ಮೂರು ವಾರ ಅವರು ಗೋಡೆ ಹಿಡಿದು ನಡೆಯುವುದನ್ನು ನಾವು ಶಾಲೆಗೆ ಹೊರಡುವಾಗಲೂ ಮರಳುವಾಗಲೂ ಕಂಡೆವು.

ಕುಂಬಳೆಯ ಮೆಕ್ಯಾನಿಕ್ ಎಣ್ಣೆಯ ಮುಚ್ಚಳವನ್ನು ತೆರೆದು ನಮ್ಮ ಮುಂದೆ ಹಿಡಿದರು. ಅದರ ಒಳಮೈಗೆ ಹಾಲು ಬೆರೆತ ಕಾಫಿಯಂತಹ ಬಣ್ಣದ ನೊರೆ ಮೆತ್ತಿತ್ತು. ನೀರು ಎಣ್ಣೆಗೆ ಸೇರಿದುದರ ಗುರುತು ಅದು. “ಎಂಜಿನಿನದ್ದು ತಪ್ಪಿಲ್ಲ ಮಾಷ್ಟ್ರೇ. ಫ್ಯಾನಿನ ಸ್ವಿಚ್ಚು ಹೋಗಿತ್ತು. ಮುಳ್ಳು ನಿಮಗೆ ಹೇಳಿರಬೇಕಲ್ಲ?” ಎಂದರು. ಶಿಕ್ಷಕ ತರಬೇತಿಯ ದಿನಗಳಲ್ಲಿ ರಟ್ಟು ಕತ್ತರಿಸಿ, ಸೈಕಲ್ಲಿನ ಕಡ್ಡಿ ಪೋಣಿಸಿ, ಚತುರ್ಘಾತ ಎಂಜಿನಿನ ಮಾದರಿ ರಚಿಸಿ ಪ್ರಶಂಸೆ ಪಡೆದವರು ನಾವು. ಆ ರಟ್ಟಿನ ಎಂಜಿನಿಗೆ ನೀರಿನ ಅಗತ್ಯ ಇರಲಿಲ್ಲವಷ್ಟೆ! ನಾವು ತಲೆ ತಗ್ಗಿಸಿ ನಿಂತೆವು.

ಡೊಂಕಾದ ತಲೆಯನ್ನು ಲೇತಿಗೆ ಕಳುಹಿಸಿ ಮಟ್ಟಸ ಮಾಡಿಸಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಎಣ್ಣೆ ಬದಲಿಸಿದರು. ಬಿಚ್ಚಿದ್ದೇ ಆಯಿತೆಂದು ರಬ್ಬರಿನ ಪಟ್ಟಿಯನ್ನೂ ಹೊಸದಾಗಿ ಹಾಕಿದರು. ಅದೇ ವರ್ಷ ಕಾರಿಗೆ ಹದಿನೈದು ತುಂಬಿ ನೋಂದಣಿಯ ನವೀಕರಣವೂ ಆಗಬೇಕಾಯಿತು. ಅಂದಿನಿಂದ ಇಂದಿನವರೆಗೆ ಎಂಜಿನು ನಮ್ಮನ್ನು ದಾರಿಯಲ್ಲಿ ನಿಲ್ಲಿಸಿದುದಿಲ್ಲ.

2014ರ ಜನವರಿಯಲ್ಲಿ ಈ ಕಾರಿನ ತಯಾರಿಕೆಯೇ ನಿಂತಿತು. 2022ರ ಏಪ್ರಿಲಿನಿಂದ ಹಳೆಯ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದಾಗ ಮಕ್ಕಳು, ಇನ್ನಾದರೂ ಮಾರಿಬಿಡಿ ಎಂದರು. ನಮ್ಮ ಮನೆಯವರೂ ಅದಕ್ಕೆ ದನಿಗೂಡಿಸಿದರು. ಬೇಡವೆಂದವರು ತಾಯಿಯವರೊಬ್ಬರೇ. ಅದರ ಆಸನದ ಎತ್ತರ ಅವರ ಮೊಣಕಾಲಿಗೆ ಒಗ್ಗಿಹೋಗಿದೆಯಂತೆ. ನಾವು ಶುಲ್ಕ ಕಟ್ಟಿದೆವು.

ಉಪ್ಪಳದ ಆ ದಿನದ ಬಗ್ಗೆ ಅವರು ಇಂದಿಗೂ ಪ್ರಸ್ತಾಪಿಸಿಲ್ಲ. ಆದರೆ ನಾವು ಕೀಲಿಕೈ ಎತ್ತಿಕೊಂಡ ಸದ್ದು ಕೇಳಿದರೆ ಸಾಕು, ಒಳಗಿನ ಕೋಣೆಯಿಂದ ಪ್ರಶ್ನೆ ಬರುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ನಿಮಿತ್ತ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದಾಗ, ಬ್ಯಾಟರಿ ಸಾಯದಿರಲೆಂದು ಎರಡು ದಿನಕ್ಕೊಮ್ಮೆ ಅಂಗಳದಲ್ಲೇ ಎಂಜಿನನ್ನು ಓಡಿಸಲು ಹೊರಟರೂ ಕೇಳುತ್ತಿದ್ದರು:

“ಮಗಾ, ನೀರು ನೋಡಿದ್ದೀಯಾ?”