ಎದೆಯೊಳಗಿನ ಯಂತ್ರಕ್ಕೆ ಬೀಗ ಬೇಕೇ?

ನನ್ನ ಎಡಗೊರಳೆಲುಬಿನ ಕೆಳಗೆ ಪೇಸ್‌ಮೇಕರ್ ಅಳವಡಿಸಿದಂದಿನಿಂದ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಕೇಳುವ ಪ್ರಶ್ನೆಗಳು ಎರಡು. ಮೊಬೈಲನ್ನು ಎದೆಯ ಜೇಬಿನಲ್ಲಿ ಇಡಬಹುದೇ? ಯಾರಾದರೂ ದೂರದಲ್ಲಿ ಕುಳಿತು ಆ ಯಂತ್ರವನ್ನು ಕೆಡಿಸಬಹುದೇ? ಮೊದಲನೆಯದಕ್ಕೆ ಉತ್ತರ ಸುಲಭ: ಆರಿಂಚು ದೂರವಿಟ್ಟರೆ ಸಾಕು. ಎರಡನೆಯದಕ್ಕೆ ತುಸು ವಿವರಣೆ ಬೇಕು.

ಇಂದಿನ ಪೇಸ್‌ಮೇಕರ್‌ಗಳು ರೇಡಿಯೊ ಅಲೆಗಳ ಮೂಲಕ ವೈದ್ಯರ ಯಂತ್ರದೊಡನೆ ಮಾತನಾಡುತ್ತವೆ. ಮಾತನ್ನು ಬಲ್ಲವರು ಕದ್ದು ಕೇಳಲೂಬಹುದು. 2008ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳ ಸಂಶೋಧಕರು ವೈದ್ಯರ ಜೊತೆಗೂಡಿ ಇದನ್ನು ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟರು. ಅವರು ಡಿಫಿಬ್ರಿಲೇಟರ್ ಒಂದರಿಂದ ರೋಗಿಯ ವಿವರಗಳನ್ನು ಓದಿದರು, ಚಿಕಿತ್ಸೆಯ ಕ್ರಮವನ್ನು ಬದಲಿಸಿದರು, ವಿದ್ಯುದಾಘಾತ ಹೊರಡುವಂತೆಯೂ ಮಾಡಿದರು. ಆದರೆ ಆ ದಾಳಿ ನಡೆದದ್ದು ಕೆಲವೇ ಸೆಂಟಿಮೀಟರ್ ಅಂತರದಿಂದ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೆನಿ ಅವರ ಯಂತ್ರದ ನಿಸ್ತಂತು ಸಂಪರ್ಕವನ್ನು 2007ರಲ್ಲಿಯೇ ನಿಲ್ಲಿಸಲಾಗಿತ್ತೆಂಬುದು 2013ರಲ್ಲಿ ಬಹಿರಂಗವಾಯಿತು. 2017ರಲ್ಲಿ ಅಬಟ್ ಕಂಪನಿಯ ಸುಮಾರು 4,65,000 ಪೇಸ್‌ಮೇಕರ್‌ಗಳಿಗೆ ಹೊಸ ತಂತ್ರಾಂಶ ಹಾಕಬೇಕಾಯಿತು. ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ; ಆಸ್ಪತ್ರೆಯಲ್ಲಿ ಮೂರು ನಿಮಿಷದ ಕೆಲಸ. ಆ ದೋಷದಿಂದ ಯಾವ ರೋಗಿಗೂ ತೊಂದರೆಯಾದ ವರದಿ ಆಗ ಇರಲಿಲ್ಲ.

ಹಾಗಾದರೆ ಗಟ್ಟಿಯಾದ ಬೀಗ ಹಾಕಿಬಿಡಬಾರದೇಕೆ? ಇಲ್ಲಿಯೇ ಇರುವುದು ತೊಡಕು. ನಾನು ಪ್ರಯಾಣದಲ್ಲಿ ಪ್ರಜ್ಞೆ ತಪ್ಪಿ ಅಪರಿಚಿತ ಊರಿನ ಆಸ್ಪತ್ರೆ ಸೇರಿದರೆ, ಅಲ್ಲಿನ ವೈದ್ಯರಿಗೆ ಆ ಯಂತ್ರ ಕೂಡಲೇ ತೆರೆದುಕೊಳ್ಳಬೇಕು. ಕೀಲಿಕೈ ಹುಡುಕಲು ಆಗ ಸಮಯವಿರದು. ಮೇಲಾಗಿ, ಗೂಢಲಿಪಿಯ ಲೆಕ್ಕಾಚಾರಕ್ಕೂ ವಿದ್ಯುತ್ತು ಬೇಕು. ಬ್ಯಾಟರಿ ಮುಗಿದರೆ ಮತ್ತೆ ಕತ್ತರಿಯೇ ಗತಿ. ಮನೆಯ ಬಾಗಿಲಿಗೂ ಎದೆಯ ಬಾಗಿಲಿಗೂ ಇರುವ ವ್ಯತ್ಯಾಸ ಇದು.

ನನ್ನನ್ನು ಹೆಚ್ಚು ಕಾಡುವುದು ಕೊಲೆಗಡುಕನ ಭಯವಲ್ಲ, ಗುಟ್ಟಿನ ಪ್ರಶ್ನೆ. ಒಹಾಯೊ ರಾಜ್ಯದಲ್ಲಿ 2016ರಲ್ಲಿ ಮನೆಯೊಂದಕ್ಕೆ ಬೆಂಕಿ ಬಿದ್ದಾಗ, ಮನೆಯೊಡೆಯನ ಪೇಸ್‌ಮೇಕರಿನ ದಾಖಲೆಯನ್ನೇ ಪೊಲೀಸರು ಅವನ ವಿರುದ್ಧ ಬಳಸಿದರು. ಅದು ನ್ಯಾಯವೋ ಅಲ್ಲವೋ ಎಂಬ ಚರ್ಚೆ ಬೇರೆ. ಆದರೆ ನನ್ನ ಹೃದಯದ ಬಡಿತ ಯಾರ ಸೊತ್ತು? ನನ್ನ ದಾಖಲೆ ಎಲ್ಲಿ ಸಂಗ್ರಹವಾಗುತ್ತದೆಂದು ಆಸ್ಪತ್ರೆಯಲ್ಲಿ ಕೇಳಿದಾಗ, "ಅದೆಲ್ಲ ಕಂಪನಿಯವರಿಗೆ ಗೊತ್ತು" ಎಂಬ ಉತ್ತರ ದೊರೆಯಿತು. ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಗೀಕಾರವಾಗಿದೆ. ಕೇಳುವವರಿದ್ದರೆ ಮಾತ್ರ ಕಾಯ್ದೆಗೆ ಬೆಲೆ.

ಆದ್ದರಿಂದ ನನ್ನ ವಯಸ್ಸಿನ ಬಂಧುಗಳಲ್ಲಿ ವಿನಂತಿ: ಹೆದರಿ ಯಂತ್ರವನ್ನು ನಿರಾಕರಿಸಬೇಡಿ, ವೈದ್ಯರನ್ನು ಕೇಳದೆ ಅದರ ಸಂಪರ್ಕವನ್ನೂ ಕಡಿಯಬೇಡಿ. ಅದು ತಪ್ಪಿಸುವ ಅಪಾಯ ತರುವ ಅಪಾಯಕ್ಕಿಂತ ಬಹಳ ದೊಡ್ಡದು. ಯಂತ್ರದ ಮಾದರಿ ಬರೆದ ಚೀಟಿ ಸದಾ ಜೊತೆಗಿರಲಿ. ತಂತ್ರಾಂಶ ಹೊಸದೇ, ದಾಖಲೆ ಯಾರ ಬಳಿ ಇದೆ ಎಂದು ಪ್ರತಿ ತಪಾಸಣೆಯಲ್ಲೂ ಕೇಳಿ. ತಂತ್ರಾಂಶ ಬರೆಯುವ ಉದ್ಯೋಗದಲ್ಲಿರುವ ನನ್ನ ಶಿಷ್ಯರಿಗೆ ಒಂದೇ ಮಾತು: ನೀವು ಬರೆಯುವ ಸಾಲು ಯಾರದೋ ಎದೆಯೊಳಗೆ ಓಡುತ್ತಿರಬಹುದು. ಒಪ್ಪಿಸುವ ಮುನ್ನ ಇನ್ನೊಮ್ಮೆ ತಿದ್ದಿ ನೋಡಿ.