ಭಾನುವಾರದ ನಿದ್ದೆಯೂ ಇಗರ್ಜಿಯ ಪುಸ್ತಕವೂ

"ದೇವರು ಎಲ್ಲೆಲ್ಲೂ ಇದ್ದಾನೆ ಅಂತ ನೀವೇ ಹೇಳ್ತೀರಿ. ಮತ್ತೆ ಭಾನುವಾರ ನಿದ್ದೆ ಕೆಡಿಸಿಕೊಂಡು ಇಗರ್ಜಿಗೆ ಯಾಕೆ ಓಡ್ತೀರಿ ಮಾರಾಯ್ರೆ?" ಮುಂಬಯಿ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಚಹಾದಂಗಡಿಯಲ್ಲಿ ಈ ಪ್ರಶ್ನೆ ಬಿದ್ದರೆ ಉತ್ತರಿಸುವುದು ಕಷ್ಟ. ಆರು ದಿನ ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದವನಿಗೆ, ಕೆಮಿಕಲ್ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದವನಿಗೆ ಭಾನುವಾರದ ನಿದ್ದೆಯೇ ಅರ್ಧ ಮೋಕ್ಷ. ಮನೆಯಲ್ಲೇ ಮೊಣಕಾಲೂರಿದರೆ ದೇವರಿಗೆ ಕೇಳಿಸದೇ?

ಕೇಳಿಸುತ್ತದೆ. ತಕರಾರು ದೇವರ ಕಿವಿಯದ್ದಲ್ಲ. ಒಬ್ಬನೇ ಕೂತು ಮಾಡಿ ಮುಗಿಸುವಂಥದ್ದು ಈ ಧರ್ಮದಲ್ಲಿ ಬಹಳ ಕಡಿಮೆ. ತನಗೆ ತಾನೇ ಜ್ಞಾನಸ್ನಾನ ಕೊಟ್ಟುಕೊಳ್ಳಲು ಬರುವುದಿಲ್ಲ. ತನ್ನ ಪಾಪ ತಾನೇ ಕೇಳಿ ತಾನೇ ಕ್ಷಮಿಸಿಕೊಳ್ಳುವಂತಿಲ್ಲ. ಹಾಗಿದ್ದಿದ್ದರೆ ನಮಗೆಲ್ಲ ಬಹಳ ಅನುಕೂಲವಾಗುತ್ತಿತ್ತು. ಪಾದ್ರಿಗೂ ಪಾಪನಿವೇದನೆಗೆ ಇನ್ನೊಬ್ಬ ಪಾದ್ರಿಯೇ ಬೇಕು. 2020ರ ಲಾಕ್‌ಡೌನಿನಲ್ಲಿ ಮೊಬೈಲಿನಲ್ಲೇ ಪೂಜೆ ನೋಡಿದೆವು, ಹಾಡಿಗೆ ದನಿಯನ್ನೂ ಕೂಡಿಸಿದೆವು. ಪರಮಪ್ರಸಾದ ಮಾತ್ರ ಪರದೆಯಿಂದೀಚೆಗೆ ಬರಲಿಲ್ಲ.

"ಇಗರ್ಜಿಯಲ್ಲಿ ರಾಜಕೀಯ ಜಾಸ್ತಿ, ಅದಕ್ಕೇ ಬರೋದಿಲ್ಲ" ಅನ್ನುವವರೂ ಇದ್ದಾರೆ. ಸುಳ್ಳೇನಲ್ಲ. ಆದರೆ ಇದು ಹೊಸ ಕಾಯಿಲೆಯೂ ಅಲ್ಲ. ಬೈಬಲಿನ ಕಾಲದ ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡುಬಿಟ್ಟು ಬಡವರು ಹಸಿದಿರುತ್ತಿದ್ದರು. ಪೌಲ ಪತ್ರ ಬರೆದು ಚೆನ್ನಾಗಿ ಬೈದ. ಆದರೆ ಇನ್ನು ಮೇಲೆ ಅವರವರ ಮನೆಯಲ್ಲೇ ಪ್ರಾರ್ಥಿಸಿಕೊಳ್ಳಿ, ಕೂಡುವುದೇ ಬೇಡ ಅನ್ನಲಿಲ್ಲ.

ಕೂಡುವುದೆಂದರೆ ಬರೀ ಪ್ರಾರ್ಥನೆಗಲ್ಲ, ಒಬ್ಬರಿಗೊಬ್ಬರು ಆಸರೆಯಾಗುವುದಕ್ಕೂ ಹೌದು. ನಮ್ಮ ಕರಾವಳಿಯನ್ನೇ ನೋಡಿ. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. ಅವರ ಸಭೆಗೆ ಸೇರಿದವನಿಗೆ ಎಷ್ಟೋ ಸಲ ಮನೆ, ಕುಲ, ಕಸುಬು ಎಲ್ಲವೂ ತಪ್ಪುತ್ತಿತ್ತು. ನೇಯ್ಗೆ ಶಾಲೆಯೂ 1865ರ ಹಂಚಿನ ಕಾರ್ಖಾನೆಯೂ ಹುಟ್ಟಿದ್ದರಲ್ಲಿ ಇಂಥವರಿಗೆ ಅನ್ನದ ದಾರಿ ಮಾಡುವ ಚಿಂತೆಯೂ ಇತ್ತು. ನಾವು ಕಥೋಲಿಕರು, ಅವರು ಪ್ರೊಟೆಸ್ಟಂಟರು. ಆದರೂ ಈ ವಿಷಯದಲ್ಲಿ ಅವರಿಗೆ ಪೂರ್ತಿ ಅಂಕ ಕೊಡಬೇಕು.

ಅಂಥ ಆಸರೆ ಇಲ್ಲೂ ಇದೆ. ಎಂಐಡಿಸಿಯಲ್ಲಿ ಊರಿನ ವಾಡೋ, ಅಂದರೆ ಇಗರ್ಜಿಯ ಕೇರಿಗುಂಪು, ಹೋಗಿ ಕಮ್ಯುನಿಟಿ ಬಂದಿದೆ; ವಾಡೋದ ಮುಖ್ಯಸ್ಥ ಗುರ್ಕಾರನ ಜಾಗದಲ್ಲಿ ಅನಿಮೇಟರ್. ಮಲಯಾಳಿಗಳದ್ದು ಇನ್ನೂ ಗಟ್ಟಿ: ಸಿರೋ-ಮಲಬಾರ್ ಪಂಥದವರಿಗೆ 1988ರಲ್ಲಿ ಕಲ್ಯಾಣದ ಹೆಸರಿನಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವೇ ಆಯಿತು. ನಮಗಿರುವುದು ಒಬ್ಬ ಅನಿಮೇಟರ್ ಆಂಟಿ ಮತ್ತು ಮನೆಮನೆಯ ಹೆಸರು, ಫೋನ್ ನಂಬರು ಬರೆದಿಟ್ಟ ಅವರ ಇನ್ನೂರು ಪುಟದ ನೋಟ್‌ಬುಕ್ಕು. 2024ರ ಮೇ 23, ಗುರುವಾರ ಮಧ್ಯಾಹ್ನ ಇಲ್ಲಿನ ಕೆಮಿಕಲ್ ಫ್ಯಾಕ್ಟರಿಯಲ್ಲಿ ಸ್ಫೋಟವಾಗಿ ಹಲವರ ಜೀವ ಹೋಯಿತು, ದೂರದೂರದ ಕಿಟಕಿಗಳ ಗಾಜು ಉದುರಿತು. ಆಂಟಿ ಆ ಪುಸ್ತಕ ಹಿಡಿದು ಒಂದೊಂದೇ ಮನೆಗೆ ಫೋನು ಹಚ್ಚಿದರು, ಮಾತಾಡಿದವರ ಹೆಸರಿನ ಮುಂದೆ ಪೆನ್ಸಿಲಿನಿಂದ ಗೀಟು ಹಾಕಿದರು. ಮೂರನೆಯ ಮಹಡಿಯ ಮುದುಕರೊಬ್ಬರು ಫೋನೆತ್ತಲಿಲ್ಲ. ಮಂಡಿನೋವಿನಲ್ಲೇ ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಬಡಿದರೆ, ಅವರು ಕಿವಿಯ ಮೆಶಿನು ತೆಗೆದಿಟ್ಟು ಮಲಗಿದ್ದರು. "ಪೂಜೆಗಂತೂ ಬರೋದಿಲ್ಲ, ಫೋನಾದರೂ ಎತ್ತಬಾರದೇ?" ಅಂತ ಬೈದು, ಅವರಿಗೂ ಗೀಟು ಹಾಕಿ ಬಂದರು.

ಇನ್ನೊಂದು ಪುಸ್ತಕ ಊರಿನಲ್ಲಿದೆ. ನೀವು ಡೊಂಬಿವಲಿಯಲ್ಲಿ ಮದುವೆಯಾದರೂ ಆ ಸಮಾಚಾರ ನಿಮಗೆ ಜ್ಞಾನಸ್ನಾನವಾದ ಇಗರ್ಜಿಗೆ ಹೋಗಬೇಕು. ಅಲ್ಲಿನ ಹಳೆಯ ಪುಸ್ತಕದಲ್ಲಿ ನಿಮ್ಮ ಹೆಸರಿನ ಪಕ್ಕ ಅದನ್ನು ಬರೆದಿಡುತ್ತಾರೆ. ಆದ್ದರಿಂದಲೇ ಮದುವೆಗೆ ಜ್ಞಾನಸ್ನಾನದ ಹಳೆಯ ಸರ್ಟಿಫಿಕೇಟು ನಡೆಯುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗಿನದ್ದೇ ಬೇಕು.

ಹೊಸದಾಗಿ ಇಲ್ಲಿಗೆ ಬಂದವರು ಗ್ಯಾಸ್ ಕನೆಕ್ಷನ್ನಿಗೆ ಓಡಾಡುವಾಗಲೇ ಇಗರ್ಜಿಯ ಆಫೀಸಿನಲ್ಲೂ ಹೆಸರು ಬರೆಸಿಬಿಡಿ. ಮಗಳ ಮದುವೆ ಗೊತ್ತಾದ ಮೇಲೆ ಓಡಿದರೆ ಪಾದ್ರಿಯವರು ಮೊದಲು ಕೇಳುವುದೇ "ನೀವು ಯಾವ ಕಮ್ಯುನಿಟಿ?" ಅಂತ.