ಒಲೆಯ ಬೆಕ್ಕೂ ಕಾಡಿನ ಬೆಕ್ಕೂ

ಮನೆಯನ್ನು ಆಶ್ರಯಿಸಿದ ಪ್ರಾಣಿಗಳಲ್ಲಿ ಬೆಕ್ಕಿನಷ್ಟು ಸ್ವತಂತ್ರವಾದುದು ಮತ್ತೊಂದಿಲ್ಲ. ನಾಯಿಯು ಯಜಮಾನನಿಗೆ ಸೇರಿದುದು. ಹಸುವು ಕೊಟ್ಟಿಗೆಗೆ ಸೇರಿದುದು. ಬೆಕ್ಕಾದರೋ ಯಾರ ಸೊತ್ತೂ ಅಲ್ಲ. ಒಲೆಯ ಬದಿಯ ಬೆಚ್ಚನೆಯ ಜಾಗವು ಅದಕ್ಕೆ ಬೇಕು, ಬಟ್ಟಲಿನ ಹಾಲೂ ಬೇಕು. ಆದರೆ ಕತ್ತಲಾದ ಮೇಲೆ ಹಿತ್ತಿಲ ಗೋಡೆಯನ್ನು ಹಾರಿ ಅದು ಎಲ್ಲಿಗೆ ಹೋಗುವುದು, ಯಾರ ಸಂಗಡ ಸೇರುವುದು ಎಂಬುದನ್ನು ಮನೆಯವರು ವಿಚಾರಿಸುವುದಿಲ್ಲ. ವಿಚಾರಿಸಬೇಕೆಂದು ತೋರುವುದೂ ಇಲ್ಲ. ಇಂಥ ಅಲ್ಪ ವಿಷಯವು ಒಂದು ದೇಶದಲ್ಲಿ ಒಂದು ಕಾಡುಮೃಗದ ವಂಶವನ್ನು ಅಳಿವಿನ ಅಂಚಿಗೆ ತಂದ ಕಾರಣಗಳಲ್ಲಿ ಸೇರಿತೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಆ ದೇಶವು ಸ್ಕಾಟ್ಲೆಂಡು; ಆ ಮೃಗವು ಅಲ್ಲಿಯ ಕಾಡುಬೆಕ್ಕು.

ಕನ್ನಡನಾಡಿನ ಕುರುಚಲು ಕಾಡುಗಳಲ್ಲಿಯೂ ಕಬ್ಬಿನ ಗದ್ದೆಗಳಲ್ಲಿಯೂ ಕಾಣಿಸುವ ಕಾಡುಬೆಕ್ಕು ಬೇರೆಯ ಜಾತಿಯದು. ಸ್ಕಾಟ್ಲೆಂಡಿನದು ಯೂರೋಪಿನ ಕಾಡುಬೆಕ್ಕಿನ ಜಾತಿಗೆ ಸೇರಿದುದು. ಹಿಮಯುಗವು ಮುಗಿದು, ಬ್ರಿಟನ್ನು ಇನ್ನೂ ದ್ವೀಪವಾಗದೆ ಯೂರೋಪಿನ ನೆಲಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ ಅದು ಅಲ್ಲಿಗೆ ಬಂದು ನೆಲಸಿತು. ನೋಡುವುದಕ್ಕೆ ಪಟ್ಟೆಪಟ್ಟೆಯಾದ ಊರಬೆಕ್ಕಿನಂತೆಯೇ ಇದ್ದರೂ ಮೈಕಟ್ಟು ದಪ್ಪ, ಕೂದಲು ಒತ್ತು. ಬಾಲವು ಬಲಿತು, ತುದಿಯಲ್ಲಿ ಮೊಂಡಾಗಿ, ಸ್ಪಷ್ಟವಾದ ಕಪ್ಪು ಬಳೆಗಳನ್ನು ತೊಟ್ಟಂತಿರುವುದು. ಮೊಲಗಳೂ ಹುಲ್ಲುಗಾವಲಿನ ಇಲಿಗಳೂ ಅದರ ಆಹಾರ. ಹಿಂಡು ಕಟ್ಟುವುದು ಅದರ ಸ್ವಭಾವವಲ್ಲ. ಚಳಿಗಾಲದ ಕೊನೆಯಲ್ಲಿ ಮಾತ್ರ ಗಂಡುಹೆಣ್ಣುಗಳು ಒಂದನ್ನೊಂದು ಅರಸಿಕೊಂಡು ಬರುವುವು. ವಸಂತದಲ್ಲಿ ಮರಿಗಳು ಹುಟ್ಟುವುವು. ಆ ನಾಡಿನ ಜನರಿಗೆ ಅದರ ಪೌರುಷದ ಮೇಲೆ ಬಹಳ ಗೌರವ. ಚ್ಯಾಟನ್ ಎಂಬ ಹಳೆಯ ಕುಲಸಂಘದವರು ಕಾಡುಬೆಕ್ಕನ್ನೇ ತಮ್ಮ ಲಾಂಛನವಾಗಿ ಮಾಡಿಕೊಂಡಿದ್ದಾರೆ. ಕೈಗವಸಿಲ್ಲದೆ ಈ ಬೆಕ್ಕನ್ನು ಮುಟ್ಟಬೇಡವೆಂಬುದು ಅವರ ಬಿರುದಿನ ವಾಕ್ಯದ ತಾತ್ಪರ್ಯ.

ಇನ್ನು ಒಲೆಯ ಬೆಕ್ಕಿನ ವಿಚಾರ. ಲೋಕದ ಮನೆಮನೆಗಳಲ್ಲಿರುವ ಬೆಕ್ಕು ಯೂರೋಪಿನ ಕಾಡುಬೆಕ್ಕಿನ ಸಂತತಿಯಲ್ಲ. ಆಫ್ರಿಕ ಮತ್ತು ಪಶ್ಚಿಮ ಏಷ್ಯದಲ್ಲಿ ಬಾಳುವ ಮತ್ತೊಂದು ಕಾಡುಬೆಕ್ಕಿನ ಸಂತತಿ. ಮನುಷ್ಯನೊಡನೆ ಬೆಕ್ಕಿನ ಬಳಕೆ ಬಹಳ ಹಳೆಯದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನೊಬ್ಬನನ್ನು ಹೂಳಿದಾಗ ಅವನ ಪಕ್ಕದಲ್ಲಿಯೇ ಒಂದು ಬೆಕ್ಕನ್ನೂ ಹೂಳಿದ್ದರೆಂಬುದು 2004ರಲ್ಲಿ ಪ್ರಕಟವಾಯಿತು. ಈ ಮನೆಬೆಕ್ಕು ದೇಶದಿಂದ ದೇಶಕ್ಕೆ ಹರಡಿ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ರೋಮನ್ನರ ಕಾಲದ ಹೊತ್ತಿಗೆ, ಬ್ರಿಟನ್ನಿನಲ್ಲಿಯೂ ನೆಲೆಯೂರಿತು. ಅಂದಿನಿಂದ ಅಲ್ಲಿ ಎರಡು ಬೆಕ್ಕುಗಳಾದುವು: ಒಂದು ಒಲೆಯದು, ಒಂದು ಕಾಡಿನದು.

ಇವೆರಡೂ ಹತ್ತಿರದ ಬಂಧುಗಳಾದ ಕಾರಣ ಕೂಡಿದರೆ ಮರಿಯಾಗುವುದು. ಆ ಮರಿಗೂ ಸಂತಾನವಾಗುವುದು. ಬೇಲಿಯೊಂದೂ ಇಲ್ಲದಿರುವಾಗ ಎರಡೂ ಬಹು ಹಿಂದೆಯೇ ಬೆರೆತುಹೋಗಿರಬೇಕೆಂದು ಯಾರಾದರೂ ಊಹಿಸುವರು. ಆದರೆ 2023ರಲ್ಲಿ ಪ್ರಕಟವಾದ ಸಂಶೋಧನೆಗಳು ಈ ಊಹೆಯನ್ನು ಸುಳ್ಳು ಮಾಡಿದುವು. ವಿದ್ವಾಂಸರು ಕಳೆದ 8,500 ವರ್ಷಗಳ ಅವಧಿಗೆ ಸೇರಿದ 258 ಪ್ರಾಚೀನ ಅವಶೇಷಗಳನ್ನೂ ಈ ಕಾಲದ 48 ಬೆಕ್ಕುಗಳನ್ನೂ ತೆಗೆದುಕೊಂಡು ಅವುಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಯೂರೋಪಿನಲ್ಲಿ ಎರಡು ಸಾವಿರ ವರ್ಷ ಅಕ್ಕಪಕ್ಕದಲ್ಲಿ ಬಾಳಿದರೂ ಈ ಎರಡು ಬೆಕ್ಕುಗಳು ಬೆರೆತದ್ದು ಅತ್ಯಲ್ಪವೆಂದು ಕಂಡುಬಂದಿತು. ಸ್ಕಾಟ್ಲೆಂಡಿನಲ್ಲಿ ಸಂಕರವು ಪ್ರಬಲವಾದದ್ದು 20ನೆಯ ಶತಮಾನದ ಮಧ್ಯಭಾಗದಿಂದ ಈಚೆಗೆ. ಎರಡು ಸಾವಿರ ವರ್ಷ ನಿಂತ ಎಲ್ಲೆಯು ಒಬ್ಬ ಮನುಷ್ಯನ ಆಯುಷ್ಯದಷ್ಟು ಕಾಲದಲ್ಲಿ ಕುಸಿಯಿತು.

ಹಾಗಾದರೆ ಅಷ್ಟು ಕಾಲ ಆ ಎಲ್ಲೆಯನ್ನು ಕಾಯುತ್ತಿದ್ದವರು ಯಾರು? ವಿಚಾರಮಾಡಿದರೆ ಉತ್ತರವು ಸರಳವಾಗಿದೆ. ಕಾಡಿತ್ತು, ಕಾಡಿನಲ್ಲಿ ಬೇಕಾದಷ್ಟು ಕಾಡುಬೆಕ್ಕುಗಳಿದ್ದುವು. ಋತು ಬಂದಾಗ ಕಾಡಿನ ಗಂಡಿಗೆ ಕಾಡಿನ ಹೆಣ್ಣು ಸಿಕ್ಕುತ್ತಿತ್ತು. ತನ್ನವರು ಇರುವ ತನಕ ಅದು ಊರಿನ ಕಡೆ ತಿರುಗಿ ನೋಡುವ ಅಗತ್ಯವಿರಲಿಲ್ಲ. ಈ ಸಮೃದ್ಧಿಯೇ ಬೇಲಿಯಾಗಿತ್ತು.

ಅದನ್ನು ಮುರಿದವನು ಮನುಷ್ಯನು. ಶತಮಾನಗಳ ಕಾಲ ಮರ ಕಡಿದು, ಕುರಿ ಮೇಯಿಸಿ, 1900ರ ಹೊತ್ತಿಗೆ ಸ್ಕಾಟ್ಲೆಂಡಿನ ನೆಲದಲ್ಲಿ ನೂರಕ್ಕೆ ಸುಮಾರು 5 ಭಾಗ ಮಾತ್ರ ಕಾಡು ಉಳಿದಿತ್ತು. 19ನೆಯ ಶತಮಾನದಲ್ಲಿ ಜಮೀನ್ದಾರರಿಗೆ ಹಕ್ಕಿಬೇಟೆಯ ಗೀಳು ಹತ್ತಿತು. ಬೇಟೆಯ ಹಕ್ಕಿಗಳನ್ನು ಕಾಯಲು ನೇಮಕವಾದ ಕಾವಲುಗಾರರು ಕಾಡುಬೆಕ್ಕನ್ನು ಪೀಡೆಯೆಂದೆಣಿಸಿ, ಬೋನನ್ನೊಡ್ಡಿಯೂ ಗುಂಡು ಹಾರಿಸಿಯೂ ಕೊಂದರು. ಆ ಶತಮಾನವು ಮುಗಿಯುವುದರೊಳಗೆ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ಅದು ನಿರ್ವಂಶವಾಯಿತು; ಉತ್ತರ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಮಾತ್ರ ಅಷ್ಟಿಷ್ಟು ಉಳಿಯಿತು. 1914ರ ಮಹಾಯುದ್ಧಕ್ಕೆ ಕಾವಲುಗಾರರೇ ಹೋದುದರಿಂದ ಬೆಕ್ಕಿಗೆ ಕೊಂಚ ಬಿಡುವು ದೊರೆತು, ಹಳೆಯ ನೆಲೆಗಳ ಕಡೆಗೆ ಮತ್ತೆ ಹರಡತೊಡಗಿತು. ಆದರೆ ಹಾಗೆ ಹೊಲಮನೆಗಳ ಅಂಚಿಗೆ ಬಂದ ಒಂಟಿ ಬೆಕ್ಕಿಗೆ ಅಲ್ಲಿ ಸಿಕ್ಕಿದ್ದು ತನ್ನ ಜಾತಿಯ ಜೊತೆಗಾರರಲ್ಲ. ಒಲೆಯ ಬದಿಯಿಂದ ಎದ್ದು ಬಂದ ನೆಂಟರು.

ಕಾಯಿದೆಯು ಬಂದದ್ದು ತಡವಾಗಿ. 1988ರಲ್ಲಿ ಕಾಡುಬೆಕ್ಕನ್ನು ಕೊಲ್ಲುವುದು ಅಪರಾಧವಾಯಿತು. ಆದರೆ ಯಾವುದನ್ನು ಕಾಡುಬೆಕ್ಕೆಂದು ಕರೆಯಬೇಕು? ವಿದ್ವಾಂಸರು ಹಳೆಯ ಚರ್ಮಗಳನ್ನು ಪರೀಕ್ಷಿಸಿ ಏಳು ಗುರುತುಗಳನ್ನು ಆರಿಸಿದರು: ಬೆನ್ನಿನ ಕಪ್ಪು ಗೆರೆಯು ಬಾಲದ ಬುಡದಲ್ಲಿಯೇ ನಿಲ್ಲುವುದೇ, ಬಾಲದ ತುದಿಯು ಮೊಂಡೇ, ಬಳೆಗಳು ಸ್ಪಷ್ಟವೇ, ಪಕ್ಕೆಯ ಪಟ್ಟೆಗಳು ತುಂಡಾಗಿಲ್ಲವಷ್ಟೆ, ಹೀಗೆ. ಒಂದೊಂದಕ್ಕೆ ಮೂರರವರೆಗೆ ಅಂಕವಿಟ್ಟು ಒಟ್ಟು 21ಕ್ಕೆ ಎಣಿಸುವುದು 2005ರಲ್ಲಿ ಪ್ರಕಟವಾದ ಈ ಕ್ರಮ. ಅನಂತರ ರಕ್ತ ಕೂದಲುಗಳ ವಂಶವಾಹಿ ಪರೀಕ್ಷೆಯೂ ಸೇರಿತು. ಪಟ್ಟೆಯ ಬೆಕ್ಕೊಂದು ಪೊದೆಯಲ್ಲಿ ಸುಳಿದರೆ ಕಾಡುಬೆಕ್ಕು ಇನ್ನೂ ಇದೆಯೆಂದು ಜನರು ಸಮಾಧಾನಪಡುತ್ತಿದ್ದರು. ಪರೀಕ್ಷಿಸಿದರೆ ಬಹುಪಾಲು ಮಿಶ್ರಸಂತತಿಯವೇ. 2019ರಲ್ಲಿ ಪರಿಣತರು ಎಲ್ಲ ದಾಖಲೆಗಳನ್ನೂ ಪರಿಶೀಲಿಸಿ, ಸ್ಕಾಟ್ಲೆಂಡಿನ ಕಾಡುಬೆಕ್ಕಿನ ಸಂತತಿಯು ಇನ್ನು ತನ್ನಷ್ಟಕ್ಕೆ ತಾನೇ ಉಳಿಯಲಾರದ ಸ್ಥಿತಿಗೆ ಬಂದಿದೆಯೆಂದು ತೀರ್ಪು ಕೊಟ್ಟರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಸಂಕರವೆಂಬ ಶಬ್ದವನ್ನು ಕೇಳಿದೊಡನೆ ಮನುಷ್ಯರ ಕುಲಾಭಿಮಾನದ ಹಳೆಯ ವಾದಗಳು ನೆನಪಾಗುವುದುಂಟು. ಈ ವಿಷಯಕ್ಕೂ ಆ ವಾದಗಳಿಗೂ ಸಂಬಂಧವಿಲ್ಲ. ಮನುಷ್ಯರೆಲ್ಲರೂ ಒಂದೇ ಜಾತಿಯ ಪ್ರಾಣಿಗಳು. ಇಲ್ಲಿಯಾದರೋ ಎರಡು ಬೇರೆ ಜಾತಿಗಳ ಮಾತು. ಅವುಗಳಲ್ಲೊಂದು ಲೋಕದಲ್ಲೆಲ್ಲ ಕೋಟಿಗಟ್ಟಲೆ ಇದೆ, ಮತ್ತೊಂದು ಆ ನಾಡಿನಲ್ಲಿ ಬೆರಳೆಣಿಕೆಗೆ ಇಳಿದಿದೆ. ಆ ಚಳಿ, ಆ ಹಿಮ, ಆ ಕಾಡುಗಳಲ್ಲಿ ಒಂಟಿಯಾಗಿ ಬಾಳಲು ಸಾವಿರಾರು ವರ್ಷಗಳಲ್ಲಿ ಕೂಡಿಬಂದ ಗುಣಗಳು ಕರಗಿಹೋದರೆ ಮತ್ತೆ ತರುವ ಬಗೆಯಿಲ್ಲ.

ಸಂಖ್ಯೆಯೇ ಬೇಲಿಯೆಂಬುದಕ್ಕೆ ಜರ್ಮನಿಯು ಸಾಕ್ಷಿ. ಅಲ್ಲಿಯ ಕಾಡುಗಳಲ್ಲಿ ಸಂಶೋಧಕರು ಒರಟಾದ ಮರದ ಗೂಟಗಳನ್ನು ನೆಟ್ಟು ವಲೇರಿಯನ್ ಎಂಬ ಗಿಡದ ರಸವನ್ನು ಹಚ್ಚುವರು. ಅದರ ವಾಸನೆಗೆ ಮರುಳಾದ ಬೆಕ್ಕು ಬಂದು ಮೈಯುಜ್ಜುವುದು. ಗೂಟಕ್ಕೆ ಅಂಟಿದ ಕೂದಲಿನಿಂದ ಅದರ ವಂಶವು ತಿಳಿಯುವುದು. ಹೀಗೆ ತಿಳಿದುಬಂದುದೇನೆಂದರೆ, ಆ ದೇಶದಲ್ಲಿ ಕಾಡುಬೆಕ್ಕುಗಳು ಸಾವಿರಗಳ ಲೆಕ್ಕದಲ್ಲಿದ್ದು, ಊರಬೆಕ್ಕುಗಳು ಯಥೇಚ್ಛವಾಗಿದ್ದರೂ ಸಂಕರವು ವಿರಳ.

ಸ್ಕಾಟ್ಲೆಂಡಿನಲ್ಲಿ ಈಗ ನಡೆದಿರುವ ಪ್ರಯತ್ನವೂ ಈ ಸಂಖ್ಯೆಯನ್ನು ಮರಳಿ ತುಂಬುವುದೇ. ಮೃಗಾಲಯಗಳಲ್ಲಿ ಉಳಿದಿದ್ದ ಕಾಡುಬೆಕ್ಕುಗಳ ವಂಶವು ಹೊರಗಿನವುಗಳಷ್ಟು ಬೆರೆತಿರಲಿಲ್ಲ. ಅವುಗಳ ಮರಿಗಳನ್ನು ಕೇರ್ನ್‌ಗಾರ್ಮ್ಸ್ ಬೆಟ್ಟಗಳ ಬಳಿಯ ಹೈಲ್ಯಾಂಡ್ ವನ್ಯಜೀವಿ ಉದ್ಯಾನದಲ್ಲಿ, ಪ್ರೇಕ್ಷಕರ ಕಣ್ಣಿಗೆ ಬೀಳದಂತೆ ವಿಶಾಲವಾದ ಆವರಣಗಳಲ್ಲಿ ಬೆಳೆಸುವರು. ಪಾಲಕರು ಅವುಗಳನ್ನು ಮುದ್ದಿಸರು. ಆದಷ್ಟೂ ಎದುರಿಗೇ ಬಾರರು. ದೂರದಿಂದ ಕ್ಯಾಮೆರಾಗಳ ಮೂಲಕ ನೋಡುವರು. ಮನುಷ್ಯನ ಸಲಿಗೆಯು ಮನೆಬೆಕ್ಕಿಗೆ ಬಾಳು, ಕಾಡುಬೆಕ್ಕಿಗೆ ಅಪಾಯ. ಸಾಕುವವರು ತಮ್ಮ ಮಮತೆಯನ್ನು ಅಡಗಿಸಿಕೊಳ್ಳುವುದೇ ಇಲ್ಲಿ ಉಪಕಾರ. 2023ರ ಬೇಸಗೆಯಲ್ಲಿ, ಇರುವೆಡೆಯನ್ನು ತಿಳಿಸುವ ಪಟ್ಟಿಗಳನ್ನು ಕೊರಳಿಗೆ ತೊಡಿಸಿ, ಮೊದಲಿಗೆ 19 ಬೆಕ್ಕುಗಳನ್ನು ಕಾಡಿಗೆ ಬಿಟ್ಟರು. 2024ರಲ್ಲಿ ಅವುಗಳಿಗೆ ಕಾಡಿನಲ್ಲಿಯೇ ಮರಿಗಳು ಹುಟ್ಟಿದುವು.

ಆದರೆ ಇದು ಅರ್ಧ ಕೆಲಸ ಮಾತ್ರ. ಉಳಿದ ಅರ್ಧವು ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ಆಗಬೇಕು. ಮನೆಬೆಕ್ಕಿಗೆ ಸಂತಾನವಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿ, ರೋಗ ಹರಡದಂತೆ ಲಸಿಕೆ ಹಾಕಿಸಿರೆಂದು ಕಾರ್ಯಕರ್ತರು ಜನರನ್ನು ಕೇಳಿಕೊಳ್ಳುವರು. ಯಜಮಾನರಿಲ್ಲದ ಬೆಕ್ಕುಗಳನ್ನು ಹಿಡಿದು ತಾವೇ ಚಿಕಿತ್ಸೆ ಮಾಡಿಸಿ ಮತ್ತೆ ಬಿಡುವರು. ಊರಬೆಕ್ಕಿನ ಮೇಲೆ ಯಾರಿಗೂ ದ್ವೇಷವಿಲ್ಲ. ಅದು ಮಾಡಿದ ತಪ್ಪೂ ಇಲ್ಲ. ಕರೆತಂದವರು ಮನುಷ್ಯರು, ಕಾಡನ್ನು ಬರಿದು ಮಾಡಿದವರೂ ಮನುಷ್ಯರೇ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣದೆಂದು ತಿಳಿಯುವುದಂತೆ. ಈ ಪ್ರಸಂಗದಲ್ಲಿ ಬಹುಕಾಲ ಕಣ್ಣು ಮುಚ್ಚಿಕೊಂಡಿದ್ದದ್ದು ಬೆಕ್ಕಲ್ಲ. ಸ್ಕಾಟ್ಲೆಂಡಿನ ಆ ಬೆಟ್ಟದ ಹಳ್ಳಿಗಳಲ್ಲಿ ಗೃಹಿಣಿಯೊಬ್ಬಳು ಸಂಜೆ ಬಾಗಿಲು ತೆರೆದು ಬೆಕ್ಕನ್ನು ಹೊರಕ್ಕೆ ಬಿಡುವಾಗ ಅದು ಎಲ್ಲಿಗೆ ಹೋಗುವುದೆಂದು ಈಗ ವಿಚಾರಿಸಬೇಕಾಗಿದೆ. ಬೆಟ್ಟದ ಮೇಲಿನ ಮರಿಗಳು ಮುಂದಿನ ಚಳಿಗಾಲದಲ್ಲಿ ಜೊತೆಯನ್ನು ಅರಸಿ ಹೊರಟಾಗ ಅವಕ್ಕೆ ಯಾರು ಎದುರಾಗುವರೆಂಬುದು ಆ ವಿಚಾರಣೆಯನ್ನು ಅವಲಂಬಿಸಿದೆ.